ಕಿಟಕಿ ಬೆಳಕಿನಲ್ಲಿ ದುಡಿಯುವವರ ಮುಖ

ಈಚೆಗೆ ನಾನು ತೆಗೆಯುತ್ತಿರುವ ಭಾವಚಿತ್ರಗಳೆಲ್ಲ ಕೆಲಸದ ಜಾಗದವು: ಹೊಲಿಗೆ ಯಂತ್ರದ ಮುಂದೆ ಟೈಲರ್, ಉಜ್ಜುಗೊರಡು ಹಿಡಿದ ಬಡಗಿ, ಗಡಿಯಾರ ರಿಪೇರಿ ಮಾಡುವವರು. ಫ್ಲ್ಯಾಶ್ ಒಯ್ಯುವುದಿಲ್ಲ. 85 ಎಂಎಂ ಲೆನ್ಸ್, ಒಂದು ಬಿಳಿ ಥರ್ಮಾಕೋಲ್ ಹಾಳೆ, ಒಂದು ಕಪ್ಪು ಬಟ್ಟೆ, ನಾಲ್ಕು ಕ್ಲಿಪ್ಪು ಸಾಕು.

ಒಳಗೆ ಕಾಲಿಟ್ಟ ಕೂಡಲೇ ಮನೆಯವರನ್ನೋ ಮಾಲೀಕರನ್ನೋ ಕೇಳಿ ದೀಪಗಳನ್ನು ಆರಿಸುತ್ತೇನೆ. ಬಲ್ಬಿನ ಹಳದಿಯೂ ಕಿಟಕಿಯ ತಣ್ಣನೆ ಬೆಳಕೂ ಒಂದೇ ಮುಖದ ಮೇಲೆ ಬಿದ್ದರೆ, ಒಂದು ಕೆನ್ನೆಯ ಬಣ್ಣ ಸರಿಮಾಡುವಷ್ಟರಲ್ಲಿ ಇನ್ನೊಂದು ಕೆಡುತ್ತದೆ. ಹಸಿರು ಗೋಡೆಯದೂ ಇದೇ ಕಾಟ. ಅದರಿಂದ ಪುಟಿದ ಬೆಳಕು ನೆರಳಿನ ಕೆನ್ನೆಗಷ್ಟೇ ಹಸಿರು ಬಳಿಯುತ್ತದೆ, ಎಡಿಟಿಂಗ್‌ನಲ್ಲಿ ಸುಲಭಕ್ಕೆ ಹೋಗುವುದಿಲ್ಲ. ಅಲ್ಲಿ ಕಪ್ಪು ಬಟ್ಟೆ ಇಳಿಬಿಡುತ್ತೇನೆ.

ಮುಖ್ಯವಾದದ್ದು ಕಿಟಕಿಗೂ ಮುಖಕ್ಕೂ ನಡುವಿನ ಅಂತರ. ಅರ್ಧ ಮೀಟರಿನಲ್ಲಿ ಕೂರಿಸಿದರೆ ಬೆಳಕು ಈ ಕೆನ್ನೆಯಿಂದ ಆ ಕಿವಿಗೆ ಹೋಗುವಷ್ಟರಲ್ಲೇ ಗಣನೀಯವಾಗಿ ಇಳಿಯುತ್ತದೆ, ಹಿಂದಿನ ಗೋಡೆ ಕತ್ತಲಾಗುತ್ತದೆ. ಎರಡು ಮೀಟರ್ ಹಿಂದೆ ಸರಿಸಿದರೆ ಮುಖವೂ ಗೋಡೆಯೂ ಹೆಚ್ಚುಕಡಿಮೆ ಒಂದೇ ಹದಕ್ಕೆ ಬರುತ್ತವೆ, ಹಿಂದಿನ ಸಾಮಾನು ಕಾಣಬೇಕಿದ್ದರೆ ಅದೇ ಬೇಕು. ನೆಲದವರೆಗೂ ಇರುವ ಕಿಟಕಿಯಾದರೆ ಕೆಳಗಿನ ಅರ್ಧಕ್ಕೆ ಬಟ್ಟೆ ಕ್ಲಿಪ್ ಮಾಡಿ ಮುಚ್ಚುತ್ತೇನೆ. ಬೆಳಕು ಮೇಲಿನಿಂದ ಇಳಿದರೆ ಗಲ್ಲದ ಅಂಚು ಖಚಿತವಾಗುತ್ತದೆ, ಕಣ್ಣಿನ ಹೊಳಪು ಗುಡ್ಡೆಯ ಮೇಲ್ಭಾಗಕ್ಕೆ ಏರುತ್ತದೆ. ಆ ಹೊಳಪಿಲ್ಲದ ಕಣ್ಣು ಎಷ್ಟೇ ಚೂಪಾಗಿ ಬಂದರೂ ನಿರ್ಜೀವ.

ಆಮೇಲೆ ಮುಖವನ್ನು ಕಿಟಕಿಯಿಂದ ನಿಧಾನಕ್ಕೆ ಆಚೆ ತಿರುಗಿಸಲು ಹೇಳಿ ಮೂಗಿನ ನೆರಳನ್ನೇ ನೋಡುತ್ತೇನೆ. ಅದು ಕೆನ್ನೆಯ ನೆರಳಿಗೆ ತಾಗಿ, ಆಚೆ ಕಣ್ಣಿನ ಕೆಳಗೆ ಬೆಳಕಿನ ಪುಟ್ಟ ತ್ರಿಕೋನ ಉಳಿಯುವ ಕ್ಷಣ ಒಂದಿದೆ. ಅಲ್ಲೇ ನಿಲ್ಲಿಸಬೇಕು. ಇನ್ನೊಂದು ಚೂರು ತಿರುಗಿದರೆ ಆ ಕಣ್ಣು ನೆರಳಿಗೆ ಬೀಳುತ್ತದೆ. ನೆರಳು ತೀರಾ ಗಾಢವಾದರೆ ಮಾತ್ರ, ಆ ಕಡೆಗೆ ಬೆಳಕು ಪುಟಿಸಲು ಥರ್ಮಾಕೋಲ್. ಒಂದು ಮೀಟರ್ ದೂರದಿಂದ ಶುರುಮಾಡಿ ಹತ್ತಿರ ತರುತ್ತೇನೆ.

1.5 ಮೀಟರಿನಲ್ಲಿ 85 ಎಂಎಂ ಲೆನ್ಸನ್ನು ಎಫ್/1.8ಕ್ಕೆ (ಈ ಅಂಕಿ ಚಿಕ್ಕದಾದಷ್ಟೂ ಲೆನ್ಸಿನ ಕಿಂಡಿ ದೊಡ್ಡದು) ತೆರೆದರೆ ಫುಲ್‌ಫ್ರೇಮ್ (ದೊಡ್ಡ ಸಂವೇದಕದ) ಕ್ಯಾಮೆರಾದಲ್ಲಿ ಸ್ಪಷ್ಟವಾಗುವ ಆಳ ಸುಮಾರು 3 ಸೆಂಟಿಮೀಟರ್ ಮಾತ್ರ. ಉಸಿರಾಟಕ್ಕೇ ಕಣ್ಣು ಫೋಕಸ್ ತಪ್ಪುತ್ತದೆ. ನಾನು ಎಫ್/2.8 ಅಥವಾ 4 ಇಡುತ್ತೇನೆ, ಶಟರ್ 1/200 ಸೆಕೆಂಡ್, ಬೆಳಕಿಗೆ ಸಂವೇದನೆಯ ಮಟ್ಟವಾದ ಐಎಸ್‌ಒ 1600ರವರೆಗೂ ಹೋಗಲಿ. ಗ್ರೇನ್ (ಚಿತ್ರದಲ್ಲಿನ ಕಾಳುಕಾಳು) ಸಹಿಸಬಹುದು, ಅಲುಗಿದ ರೆಪ್ಪೆಯನ್ನು ಸಹಿಸಲಾಗದು. ನಡುವಿನ ಬಿಂದುವಿನಲ್ಲಿ ಫೋಕಸ್ ಮಾಡಿ ಆಮೇಲೆ ಚೌಕಟ್ಟು ಬದಲಿಸುವ ರೂಢಿ ಇಲ್ಲಿ ಕೈಕೊಡುತ್ತದೆ, ಫೋಕಸ್ ಕಣ್ಣು ಬಿಟ್ಟು ಹಿಂದಕ್ಕೆ ಹೋಗಿರುತ್ತದೆ. ಬಿಂದುವನ್ನೇ ಹತ್ತಿರದ ಕಣ್ಣಿಗೆ ಸರಿಸಬೇಕು.

ಕ್ಯಾಮೆರಾದೊಳಗಿನ ಬೆಳಕಳೆಯುವ ಮೀಟರು ಎಲ್ಲವನ್ನೂ ನಡುಬೂದು ಅಂದುಕೊಳ್ಳುತ್ತದೆ. ಕಪ್ಪು ಹಿನ್ನೆಲೆಯ ಮುಂದೆ ಮುಖ ಬೆಳ್ಳಗೆ ಸುಡುತ್ತದೆ, ಬಿಳಿ ಅಂಗಿ ತೊಟ್ಟವರು ಕಂದುತ್ತಾರೆ. ನಾನು ನೋಡುವುದು ಹಿಸ್ಟೋಗ್ರಾಮಿನ (ಚಿತ್ರದ ಬೆಳಕಿನ ಹಂಚಿಕೆ ತೋರಿಸುವ ನಕ್ಷೆಯ) ಕೆಂಪು ಗೆರೆ. ಚರ್ಮದಲ್ಲಿ ಮೊದಲು ಮಿತಿಮೀರಿ ವಿವರ ಕಳೆದುಕೊಳ್ಳುವುದು ಕೆಂಪೇ. ಹಣೆ ಬೆವರಿನಿಂದ ಮಿನುಗುತ್ತಿದ್ದರೆ ಕರವಸ್ತ್ರ ಕೊಟ್ಟರೆ ಆಯಿತು, ಎಡಿಟಿಂಗ್‌ನ ಅರ್ಧಗಂಟೆ ಉಳಿಯಿತು. ಕನ್ನಡಕದಲ್ಲಿ ಕಿಟಕಿ ಬಿಂಬಿಸಿದರೆ ಅದರ ಕಡ್ಡಿಗಳನ್ನು ಕಿವಿಯ ಮೇಲೆ ಅರ್ಧ ಸೆಂಟಿಮೀಟರ್ ಎತ್ತಿಸುತ್ತೇನೆ. ಗಾಜು ಕೆಳಗೆ ವಾಲಿ ಬಿಂಬ ಜಾರುತ್ತದೆ.

ದೀಪ ಆರಿಸಲು ಆಗದ ಕಡೆ, 50 ಹರ್ಟ್ಸ್ ವಿದ್ಯುತ್ತಾದರೆ ಶಟರ್ 1/100 ಅಥವಾ 1/50. ಅದಕ್ಕಿಂತ ವೇಗವಾದರೆ ಕೆಲವು ಎಲ್‌ಇಡಿಗಳಲ್ಲಿ ಚಿತ್ರದ ಮೇಲೆ ಪಟ್ಟಿಗಳು ಬರುತ್ತವೆ.

ದಿನನಿತ್ಯದ ಓಡಾಟಕ್ಕೆ 35 ಎಂಎಂ ಮಾತ್ರ. ಎಫ್/8, ಫೋಕಸ್ 3 ಮೀಟರಿಗೆ ಕಟ್ಟಿ, ಶಟರ್ 1/250, ಐಎಸ್‌ಒ ಆಟೋ. ಸುಮಾರು 2ರಿಂದ 7 ಮೀಟರಿನೊಳಗಿರುವುದೆಲ್ಲ ಚೂಪಾಗಿರುತ್ತದೆ, ಆಟೋಫೋಕಸ್ ಹುಡುಕಾಡುವ ಹೊತ್ತು ಉಳಿಯುತ್ತದೆ. ಇದೇ ಲೆನ್ಸಿನಲ್ಲಿ 60 ಸೆಂಟಿಮೀಟರಿನಿಂದ ಮುಖ ತೆಗೆಯುವುದು ಬೇಡ. ಮೂಗು ಉಬ್ಬಿ ಕಿವಿ ಹಿಂದೆ ಓಡುತ್ತದೆ, ಅದು ಲೆನ್ಸಿನ ತಪ್ಪಲ್ಲ, ದೂರದ ತಪ್ಪು. ಸಂಜೆ ರಾ ಫೈಲುಗಳು (ಕ್ಯಾಮೆರಾದ ಸಂಸ್ಕರಿಸದ ಮೂಲ ಫೈಲುಗಳು) ಎರಡು ಬೇರೆ ಡ್ರೈವಿಗೆ ನಕಲಾಗಿ, ತೆರೆದು ನೋಡುವವರೆಗೂ ಕಾರ್ಡ್ ಫಾರ್ಮ್ಯಾಟ್ ಮಾಡುವುದಿಲ್ಲ.