ಬಾಟಲ್ ಕೇಜ್ ಬೋಲ್ಟು ಸುಮ್ನೆ ಸುತ್ತುತ್ತಿದೆಯಾ? ಡ್ರಿಲ್ ಆಮೇಲೆ ತೆಗೀರಿ

ಸೈಕಲ್ಲಿನಲ್ಲಿ ನೀರಿನ ಬಾಟಲ್ ಇಡುವ ಬಾಟಲ್ ಕೇಜ್ ಲಟಲಟ ಅನ್ನುತ್ತಿದ್ದರೆ ಅಲೆನ್ ಕೀ ಹಾಕಿ ಬಿಗಿ ಮಾಡಿ ನೋಡಿ. ಬಿಗಿಯಾದರೆ ಅಲ್ಲಿಗೆ ಕೆಲಸ ಮುಗಿಯಿತು. ಎಷ್ಟು ತಿರುಗಿಸಿದರೂ ಬೋಲ್ಟು ಸುತ್ತುತ್ತಲೇ ಇದ್ದರೆ ಮಾತ್ರ ಕೈ ನಿಲ್ಲಿಸಿ, ಜಾಸ್ತಿ ಸುತ್ತಿದಷ್ಟೂ ತೂತು ದೊಡ್ಡದಾಗುತ್ತದೆ.

ಅಲ್ಯೂಮಿನಿಯಂ ಫ್ರೇಮಿನ ಟ್ಯೂಬು ತೀರಾ ತೆಳು, ಅದರಲ್ಲಿ ಥ್ರೆಡ್ (ಬೋಲ್ಟು ಕಚ್ಚಿಕೊಳ್ಳುವ ಸುರುಳಿ ಗೀರು) ನಿಲ್ಲುವುದಿಲ್ಲ. ಅದಕ್ಕೇ ತೂತಿನೊಳಗೆ ರಿವ್‌ನಟ್ ಅನ್ನುವ ಪುಟ್ಟ ಕೊಳವೆ ಇಟ್ಟು, ಒಳಗಡೆ ಅದು ಉಬ್ಬಿ ಕಚ್ಚಿಕೊಳ್ಳುವ ಹಾಗೆ ಎಳೆದಿರುತ್ತಾರೆ. ಅದರ ಥ್ರೆಡ್ ಎಂ5, ಅಂದರೆ 5 ಮಿ.ಮೀ. ದಪ್ಪದ ಬೋಲ್ಟಿನದು; ಪಿಚ್, ಅಂದರೆ ಗೀರಿನಿಂದ ಗೀರಿಗೆ ಅಂತರ, 0.8 ಮಿ.ಮೀ. ಎರಡು ತೂತುಗಳ ನಡುವೆ 64 ಮಿ.ಮೀ. ಸ್ಟೀಲ್ ಫ್ರೇಮಿನಲ್ಲಿ ಸಾಮಾನ್ಯವಾಗಿ ರಿವ್‌ನಟ್ ಬದಲು ಥ್ರೆಡ್ ಇರುವ ಕೊಳವೆಯನ್ನೇ ಬ್ರೇಜಿಂಗ್ ಮಾಡಿ, ಅಂದರೆ ಬೇರೆ ಲೋಹ ಕರಗಿಸಿ, ಅಂಟಿಸಿರುತ್ತಾರೆ, ಹಾಗಾಗಿ ಸುತ್ತುವ ಕಾಟ ಕಡಿಮೆ.

ಈಗ ಸುತ್ತುತ್ತಿರುವುದು ಬೋಲ್ಟೋ, ರಿವ್‌ನಟ್ಟೋ ಅಂತ ನೋಡಬೇಕು. ಕೇಜ್ ಬಿಚ್ಚಿ, ರಿವ್‌ನಟ್ಟಿನ ಅಂಚಿನಿಂದ ಪಕ್ಕದ ಪೇಂಟಿನವರೆಗೆ ಮಾರ್ಕರಿನಲ್ಲಿ ಒಂದು ಗೆರೆ ಎಳೆದು, ಬೋಲ್ಟು ಮಾತ್ರ ಹಾಕಿ ತಿರುಗಿಸಿ. ಗೆರೆ ಎರಡು ತುಂಡಾಗಿ ಸರಿದರೆ ರಿವ್‌ನಟ್ಟಿನ ಹಿಡಿತ ಹೋಗಿದೆ. ಗೆರೆ ಹಾಗೇ ಇದ್ದು ಬೋಲ್ಟು ಸ್ಲಿಪ್ ಆದರೆ ಥ್ರೆಡ್ ಸವೆದಿದೆ. ಥ್ರೆಡ್ ಬರೀ ಕೊಳೆ, ತುಕ್ಕಿನಿಂದ ಕೆಟ್ಟಿದ್ದರೆ ಎಂ5 ಟ್ಯಾಪ್‌ಗೆ (ಥ್ರೆಡ್ ಕೊರೆಯುವ ಉಪಕರಣ) ಎಣ್ಣೆ ಹಚ್ಚಿ ಕೈಯಲ್ಲೇ ಇಳಿಸಿ ತೆಗೆದರೆ ಸಾಕು. ಪೂರ್ತಿ ಹೋಗಿದ್ದರೆ ಹೊಸ ರಿವ್‌ನಟ್ಟೇ ಗತಿ.

ಹೆಚ್ಚಿನ ಸಲ ಸಡಿಲವಾಗಿರುವುದು ರಿವ್‌ನಟ್. ಇದನ್ನು ಬಿಗಿ ಮಾಡಲು ಸ್ಪೆಷಲ್ ಟೂಲ್ ಬೇಕಿಲ್ಲ. ಹಾರ್ಡ್‌ವೇರ್ ಅಂಗಡಿಯಲ್ಲಿ 30 ಮಿ.ಮೀ. ಉದ್ದದ ಎಂ5 ಅಲೆನ್ ಬೋಲ್ಟು, ಒಂದು ನಟ್ಟು, ಎರಡು ವಾಷರ್ ತನ್ನಿ. ನಟ್ಟನ್ನು ಬೋಲ್ಟಿನ ತಲೆಯವರೆಗೆ ಏರಿಸಿ. ವಾಷರ್‌ಗಳ ಮಧ್ಯೆ ಗ್ರೀಸ್ ಹಚ್ಚಿ ಅದರ ಕೆಳಗೆ ಹಾಕಿ. ಬೋಲ್ಟನ್ನು ರಿವ್‌ನಟ್ಟಿನ ಥ್ರೆಡ್ ದಾಟುವಷ್ಟು ಒಳಗೆ ಇಳಿಸಿ. ಆಮೇಲೆ 4 ಮಿ.ಮೀ. ಅಲೆನ್ ಕೀಯಿಂದ ಬೋಲ್ಟನ್ನು ಅಲ್ಲಾಡದ ಹಾಗೆ ಹಿಡಿದು, 8ರ ಸ್ಪ್ಯಾನರಿನಲ್ಲಿ ನಟ್ಟನ್ನು ಮಾತ್ರ ಫ್ರೇಮಿನ ಕಡೆಗೆ ಬಿಗಿ ಮಾಡುತ್ತಾ ಬನ್ನಿ. ನಟ್ಟು ವಾಷರನ್ನು ಒತ್ತುತ್ತದೆ, ಬೋಲ್ಟು ಹೊರಗೆ ಎಳೆಯುತ್ತದೆ, ಒಳಗೆ ರಿವ್‌ನಟ್ ಇನ್ನೊಂದು ಸಲ ಜಜ್ಜಿಕೊಂಡು ಟ್ಯೂಬನ್ನು ಕಚ್ಚುತ್ತದೆ. ಮೊದಲು ಮೆತ್ತಗೆ ಬರುತ್ತದೆ, ಆಮೇಲೆ ಕೈಗೆ ಗಟ್ಟಿ ಅನ್ನಿಸುತ್ತದೆ. ಗಟ್ಟಿಯಾದ ಮೇಲೆ ಕಾಲು ಸುತ್ತು, ಅಷ್ಟೇ. ಅಲ್ಯೂಮಿನಿಯಂ ಥ್ರೆಡ್ಡು, ಪೌರುಷ ತೋರಿಸಿದರೆ ಕಿತ್ತು ಬರುತ್ತದೆ. ಬಿಚ್ಚುವಾಗ ನಟ್ಟು ಮೊದಲು, ಬೋಲ್ಟು ಆಮೇಲೆ.

ಬೋಲ್ಟು ತುಕ್ಕು ಹಿಡಿದು ರಿವ್‌ನಟ್ಟಿಗೇ ಅಂಟಿಕೊಂಡು ಎರಡೂ ಒಟ್ಟಿಗೆ ಸುತ್ತುತ್ತಿದ್ದರೆ ಸ್ವಲ್ಪ ತಲೆನೋವು. ಬೆವರು, ಉಪ್ಪು ಸೇರಿದ ಶರಬತ್ತು ಸೋರಿ ಸೋರಿ ಸ್ಟೀಲ್ ಬೋಲ್ಟೂ ಅಲ್ಯೂಮಿನಿಯಮ್ಮೂ ಹೀಗೆ ಹಿಡಿದುಕೊಳ್ಳುತ್ತವೆ, ಕರಾವಳಿಯಲ್ಲಿ ಇನ್ನೂ ಜಾಸ್ತಿ. ತುಕ್ಕು ಬಿಡಿಸುವ ಎಣ್ಣೆ ಬಿಟ್ಟು ರಾತ್ರಿಯಿಡೀ ಬಿಡಿ. ಕೇಜ್ ಕೆಳಗೆ ಚಪ್ಪಟೆ ಸ್ಕ್ರೂ ಡ್ರೈವರ್ ತೂರಿಸಿ, ಮೇಲಕ್ಕೆ ಒತ್ತಿ ಹಿಡಿದು ಬೋಲ್ಟು ಬಿಚ್ಚಲು ನೋಡಿ, ಆ ಒತ್ತಡಕ್ಕೆ ರಿವ್‌ನಟ್ ಒಮ್ಮೊಮ್ಮೆ ನಿಲ್ಲುತ್ತದೆ. ಪೇಂಟ್ ಕೆರೆಯದಂತೆ ಸ್ಕ್ರೂ ಡ್ರೈವರ್ ಕೆಳಗೆ ಬಟ್ಟೆ ಇಡಿ. ಬಗ್ಗಲಿಲ್ಲ ಅಂದರೆ ಆಗ ಡ್ರಿಲ್: 5 ಮಿ.ಮೀ. ಡ್ರಿಲ್ ಬಿಟ್ಟನ್ನು ಬೋಲ್ಟಿನ ತಲೆಯ ಅಲೆನ್ ಗುಂಡಿಯ ನಡುಮಧ್ಯಕ್ಕೆ ಇಟ್ಟು ನಿಧಾನವಾಗಿ ಕೊರೆದರೆ ತಲೆ ಕಳಚುತ್ತದೆ. ಕಣ್ಣಿಗೆ ಕನ್ನಡಕ ಇರಲಿ. ರಿವ್‌ನಟ್ಟಿನ ಅಂಚನ್ನೂ ಹಾಗೇ ಕೊರೆದು ಉಳಿದದ್ದನ್ನು ಒಳಗೆ ತಳ್ಳಿ. ಅದು ಸೀಟಿನ ಕಡೆಯಿಂದಲೋ ಪೆಡಲ್ ಆಕ್ಸಲ್ ಕಡೆಯಿಂದಲೋ ಹೊರಗೆ ಬರಬೇಕು, ಇಲ್ಲದಿದ್ದರೆ ದಾರಿಯುದ್ದಕ್ಕೂ ಗಿಲಿಗಿಲಿ.

ಹೊಸ ರಿವ್‌ನಟ್ ಕೊಳ್ಳುವಾಗ ನಿಮ್ಮ ತೂತಿನ ಅಳತೆ ತೆಗೆದುಕೊಂಡು ಹೋಗಿ, ಎಂ5ಗೆ ಸಾಮಾನ್ಯವಾಗಿ 7 ಮಿ.ಮೀ. ಕೂರಿಸುವುದು ಮೇಲೆ ಹೇಳಿದ ಬೋಲ್ಟು-ನಟ್ಟಿನಿಂದಲೇ ಆಗುತ್ತದೆ.

ಕಾರ್ಬನ್ ಫ್ರೇಮಾದರೆ ಇದ್ಯಾವುದೂ ಬೇಡ. ಕಾರ್ಬನ್ ರಿಪೇರಿ ಗೊತ್ತಿರುವವರ ಕೈಗೇ ಕೊಡಿ, ಅಲ್ಲಿವರೆಗೆ ಹ್ಯಾಂಡಲಿಗೆ ಕಟ್ಟುವ ಬಾಟಲ್ ಚೀಲ ಸಾಕು.

ಕೇಜ್ ವಾಪಸ್ ಹಾಕುವಾಗ ಬೋಲ್ಟಿಗೆ ಚೂರು ಗ್ರೀಸ್ ಹಚ್ಚಿ, 2ರಿಂದ 3 ನ್ಯೂಟನ್ ಮೀಟರ್ ಬಿಗಿ ಸಾಕು. ಸೀಟ್ ಟ್ಯೂಬಿನ (ಸೀಟಿನ ಕೆಳಗಿನ ಟ್ಯೂಬು) ತೂತಿಗೆ ಉದ್ದ ಬೋಲ್ಟು ಹಾಕಬೇಡಿ, ಒಳಗಿರುವ ಸೀಟ್ ಪೋಸ್ಟಿಗೆ (ಸೀಟು ಹೊತ್ತ ಕಂಬಿ) ತಾಗುತ್ತದೆ. ಅಲ್ಲಿ ಡ್ರಿಲ್ ಹಿಡಿಯುವ ಮೊದಲೂ ಸೀಟ್ ಪೋಸ್ಟನ್ನು ಪೂರ್ತಿ ಹೊರಗೆ ತೆಗೆದಿಡಿ.