ಮೊದಲು ಹಾಡು, ಆಮೇಲೆ ಊದು: ಟ್ರಂಪೆಟ್ ಕಲಿತ ನನ್ನ ಅನುಭವ

ಟ್ರಂಪೆಟ್ ಹಿಡಿದು ಇಪ್ಪತ್ತಾರು ವರ್ಷವಾಯಿತು. ಮೊದಲ ಎಂಟು ವರ್ಷ ಹಾಸನದ ಒಂದು ಬ್ಯಾಂಡ್ ಸೆಟ್ಟಿನಲ್ಲಿ ಊದಿದೆ. ಆಮೇಲೆ ಬೆಂಗಳೂರಿನಲ್ಲಿ ಒಬ್ಬ ಗುರುಗಳ ಹತ್ತಿರ ನೋಟೇಷನ್ ಹಿಡಿದು ಕಲಿತೆ. ಈಗ ಊರಿಗೆ ವಾಪಸ್ ಬಂದು ಮನೆಯಲ್ಲೇ ಏಳೆಂಟು ಮಕ್ಕಳಿಗೆ ಹೇಳಿಕೊಡುತ್ತಿದ್ದೇನೆ. ಬ್ಯಾಂಡಿನವರ ಹತ್ತಿರ ಬಿಡೋದಾ, ಪುಸ್ತಕ ಇಟ್ಟುಕೊಂಡು ಕಲಿಸುವವರ ಹತ್ತಿರ ಸೇರಿಸೋದಾ ಅಂತ ಮಕ್ಕಳ ಅಪ್ಪ ಅಮ್ಮಂದಿರು ಕೇಳುತ್ತಲೇ ಇರುತ್ತಾರೆ. ಎರಡೂ ಕಡೆ ಕಲಿತವನಾಗಿ ನನಗೆ ಕಂಡದ್ದನ್ನು ಹೇಳುತ್ತೇನೆ.

ಬ್ಯಾಂಡ್ ಮೇಸ್ಟ್ರು ನಮ್ಮನ್ನು ಬೆಳಗ್ಗೆ ಆರಕ್ಕೆ ಹುಣಸಿನಕೆರೆ ಏರಿ ಮೇಲೆ ನಿಲ್ಲಿಸುತ್ತಿದ್ದರು. ಮೊದಲ ಒಂದು ತಿಂಗಳು ಕೈಗೆ ವಾದ್ಯವನ್ನೇ ಕೊಡಲಿಲ್ಲ. ಬರೀ ಮೌತ್‌ಪೀಸ್, ಅಂದರೆ ತುಟಿಗೆ ಇಟ್ಟುಕೊಳ್ಳುವ ತುದಿ. ಅದರಲ್ಲಿ ತುಟಿ ಅದುರಿಸುವುದು, ಉಳಿದ ಹೊತ್ತು ಬಾಯಲ್ಲಿ ಹಾಡುವುದು. "ಮೊದ್ಲು ಹಾಡ್ಲಾ, ಆಮೇಲ್ ಊದೀವಂತೆ" ಅನ್ನುತ್ತಿದ್ದರು. ಆಗ ಬೇಜಾರಾಗುತ್ತಿತ್ತು. ಅವರು ಮಾಡಿಸಿದ್ದು ಎಷ್ಟು ಸರಿ ಅಂತ ಗೊತ್ತಾಗಲು ವರ್ಷಗಳೇ ಬೇಕಾದವು.

ಕಾರಣ ವಾದ್ಯದೊಳಗೇ ಇದೆ. ಟ್ರಂಪೆಟ್‌ಗೆ ಇರುವುದು ಮೂರೇ ಕೀ. ಒಂದನ್ನೂ ಒತ್ತದೆ ಊದಿದರೆ ಒಂದೇ ಕೊಳವೆಯಿಂದ ಸ, ಪ, ಮೇಲಿನ ಸ, ಅದರ ಮೇಲಿನ ಗ, ಪ ಎಲ್ಲವೂ ಬರುತ್ತವೆ. ಯಾವುದು ಬರಬೇಕು ಅನ್ನುವುದನ್ನು ಬೆರಳು ತೀರ್ಮಾನಿಸುವುದಿಲ್ಲ, ತುಟಿ ಮತ್ತು ಉಸಿರು ತೀರ್ಮಾನಿಸುತ್ತವೆ. ಕಿವಿಯಲ್ಲಿ ಮೊದಲೇ ಆ ಸ್ವರ ಕೇಳಿಸದಿದ್ದರೆ ತುಟಿಗೆ ದಾರಿ ಗೊತ್ತಾಗುವುದು ಹೇಗೆ? ಹಾರ್ಮೋನಿಯಂನಲ್ಲಿ ಮನೆ ಒತ್ತಿದರೆ ಸ್ವರ ಬಂದೇ ಬರುತ್ತದೆ. ಇಲ್ಲಿ ಹಾಗಲ್ಲ.

ಮೇಸ್ಟ್ರು ಸರಳೆವರಸೆಯನ್ನೂ ಊದಿಸುತ್ತಿದ್ದರು, ವಾಡಿಕೆಯಂತೆ ಮಾಯಾಮಾಳವಗೌಳ ರಾಗದಲ್ಲಿ. ನನಗೆ ಸಿಕ್ಕಿದ್ದು ಮೀರತ್‌ನಲ್ಲಿ ಮಾಡಿದ ಹಳೇ ಬಿ ಫ್ಲಾಟ್ ಟ್ರಂಪೆಟ್. ಅದರ ಮೂರನೇ ಕೀಯ ಸ್ಲೈಡ್, ಅಂದರೆ ಹೊರಕ್ಕೆ ಜಾರಿಸಬಹುದಾದ ಕೊಳವೆ, ಕಿಲುಬು ಹಿಡಿದು ಕಚ್ಚಿಕೊಂಡಿತ್ತು. ಕೆಳಗಿನ ಸ ಬಿಟ್ಟು ರಿಗೆ ಬಂದರೆ ಪ್ರತಿ ಸಲವೂ ಶ್ರುತಿ ಮೇಲಕ್ಕೆ ಜಾರುತ್ತಿತ್ತು. ನನ್ನ ಕಿವಿಯೇ ಸರಿಯಿಲ್ಲ ಅಂದುಕೊಂಡು ತುಟಿ ಸಡಿಲ ಮಾಡಿ ಎಳೆದೆಳೆದು ಇಳಿಸುತ್ತಿದ್ದೆ. ಬೆಂಗಳೂರಿನ ಗುರುಗಳು ಒಂದೇ ನಿಮಿಷದಲ್ಲಿ ವಿಷಯ ಬಿಡಿಸಿ ಹೇಳಿದರು. ಆ ರಾಗದ ರಿ, ಅಂದರೆ ಶುದ್ಧ ರಿಷಭಕ್ಕೆ ಮೂರೂ ಕೀ ಒಟ್ಟಿಗೆ ಒತ್ತಬೇಕು. ಹಾಗೆ ಒತ್ತಿದಾಗ ಸೇರಿಕೊಳ್ಳುವ ಕೊಳವೆಗಳ ಒಟ್ಟು ಉದ್ದ ಆ ಸ್ವರಕ್ಕೆ ಸಾಲುವುದಿಲ್ಲ. ಅದಕ್ಕೇ ಮೂರನೇ ಸ್ಲೈಡನ್ನು ಎಡಗೈ ಬೆರಳಿನಿಂದ ಹೊರಕ್ಕೆ ತಳ್ಳಿ ಉದ್ದ ಹೆಚ್ಚಿಸಬೇಕು. ಎಂಟು ವರ್ಷ ತುಟಿಯಿಂದ ಮಾಡಿದ್ದು ಬೆರಳಿನ ಕೆಲಸ. ಈಗ ನನ್ನ ಹತ್ತಿರ ಹಳೇ ವಾದ್ಯ ತಂದ ಮಗುವಿನಿಂದ ಮೊದಲು ಮಾಡಿಸುವುದೇ ಸ್ಲೈಡ್ ಬಿಚ್ಚಿಸಿ, ಉಗುರುಬೆಚ್ಚಗಿನ ಸೋಪಿನ ನೀರಿನಲ್ಲಿ ತೊಳೆಸಿ, ಗ್ರೀಸ್ ಹಚ್ಚಿಸುವ ಕೆಲಸ.

ಬ್ಯಾಂಡಿನ ಕಲಿಕೆಯಲ್ಲಿ ನಿಜವಾದ ತಪ್ಪು ಅಂದರೆ ಜೋರಾಗಿ ಊದುವುದು. ಡ್ರಮ್ ಸದ್ದಿನ ಮೇಲೆ ಕೇಳಿಸಬೇಕು, ಅದಕ್ಕೆ ಅಭ್ಯಾಸವೂ ಜೋರು. ಮೇಲಿನ ಸ್ವರ ಬರದಿದ್ದರೆ ಮೌತ್‌ಪೀಸನ್ನು ತುಟಿಗೆ ಒತ್ತುವುದು. ಒಂದು ವೈಶಾಖದಲ್ಲಿ ಹನ್ನೊಂದು ದಿನ ಸತತವಾಗಿ ಮದುವೆ ಮೆರವಣಿಗೆಗಳಿದ್ದವು. ಒಂಬತ್ತನೇ ದಿನ ಮೇಲ್ದುಟಿಯಲ್ಲಿ ಬಳೆಯಂಥ ಗುರುತು ಬಿದ್ದದ್ದು ರಾತ್ರಿ ಕಳೆದರೂ ಹೋಗಲಿಲ್ಲ. ಹತ್ತನೇ ದಿನ ತುಟಿ ಮರಗಟ್ಟಿತು. ವರನನ್ನು ಎದುರುಗೊಳ್ಳುವ ಹೊತ್ತಿಗೆ ಉಸಿರು ಹೋಗುತ್ತಿತ್ತು, ಸ್ವರ ಬರುತ್ತಿರಲಿಲ್ಲ. ಆ ಸೀಸನ್ ಅಲ್ಲಿಗೇ ಬಿಟ್ಟೆ. ಆಷಾಢವಿಡೀ ವಾದ್ಯ ಮುಟ್ಟಲಿಲ್ಲ. ಕಸುಬೇ ಹೋಯಿತೇನೋ ಅಂತ ರಾತ್ರಿ ನಿದ್ದೆ ಬರುತ್ತಿರಲಿಲ್ಲ.

ಬೆಂಗಳೂರಿಗೆ ಹೋದದ್ದು ಅದಾದ ಮೇಲೆ. ಗುರುಗಳು ಮೊದಲ ದಿನವೇ ನನ್ನ ಬಲಗೈ ಕಿರುಬೆರಳನ್ನು ವಾದ್ಯದ ಮೇಲಿರುವ ಬೆರಳು ಕೊಕ್ಕೆಯಿಂದ ಬಿಡಿಸಿದರು. ಆ ಕೊಕ್ಕೆ ಹಿಡಿದೇ ನಾವು ವಾದ್ಯವನ್ನು ಬಾಯಿಗೆ ಎಳೆದುಕೊಳ್ಳುವುದು. ಬೆರಳು ಹೊರಗಿದ್ದರೆ ಒತ್ತಲು ಬಲ ಸಿಗುವುದಿಲ್ಲ, ಉಸಿರನ್ನೇ ನಂಬಬೇಕಾಗುತ್ತದೆ. ಆಮೇಲೆ ಆರ್ಬನ್ ಪುಸ್ತಕ ಶುರುವಾಯಿತು. 1864ರಲ್ಲಿ ಟ್ರಂಪೆಟ್‌ನಂಥದೇ ವಾದ್ಯವಾದ ಕಾರ್ನೆಟ್‌ಗೆಂದು ಅಚ್ಚಾದ ಆ ಪಾಠಗಳನ್ನೇ ಇವತ್ತೂ ಟ್ರಂಪೆಟ್‌ನವರು ಊದುತ್ತಾರೆ. ಅದರ ಜೊತೆಗೆ 1912ರ ಕ್ಲಾರ್ಕ್ ಅಭ್ಯಾಸಗಳು. ಅವನ್ನು ತೀರಾ ಮೆತ್ತಗೆ ಊದಬೇಕು, ಪಿಸುಗುಟ್ಟಿದ ಹಾಗೆ. ಹೀಗೆ ಊದಿದಾಗಲೇ ನನ್ನ ತುಟಿ ಎಲ್ಲೆಲ್ಲಿ ಮೋಸ ಮಾಡುತ್ತಿತ್ತು ಅಂತ ಗೊತ್ತಾದದ್ದು. ಜೋರು ಎಲ್ಲವನ್ನೂ ಮುಚ್ಚಿಬಿಡುತ್ತದೆ.

ಆದರೆ ಆ ಪದ್ಧತಿಯಲ್ಲೂ ಒಂದು ಕೊರತೆ ಕಂಡೆ. ಅಲ್ಲಿ ಆರು ತಿಂಗಳು ಒಂದು ಹಾಡೂ ಇಲ್ಲ, ಬರೀ ಸ್ಕೇಲು. ನನ್ನ ಜೊತೆ ಸೇರಿದ ಐವರಲ್ಲಿ ಮೂವರು ಬಿಟ್ಟುಹೋದರು. ಉಳಿದಿದ್ದ ಇನ್ನೊಬ್ಬ ಹುಡುಗ ಕಾಗದದ ಮೇಲಿರುವ ಏನನ್ನು ಬೇಕಾದರೂ ಊದುತ್ತಿದ್ದ. ಒಂದು ಆರ್ಕೆಸ್ಟ್ರಾದಲ್ಲಿ ಗಾಯಕಿ "ಸಾರ್, ನಂಗೆ ಒಂದು ಮನೆ ಶ್ರುತಿಗೆ ಕೊಡಿ" ಅಂದಾಗ ಅವನು ಕೈಕಟ್ಟಿ ಕೂತ. ಹಾಡುವವರು ಶ್ರುತಿಯನ್ನು ಹಾರ್ಮೋನಿಯಂ ಮನೆಗಳ ಲೆಕ್ಕದಲ್ಲಿ ಹೇಳುತ್ತಾರೆ; ಬಿ ಫ್ಲಾಟ್ ಟ್ರಂಪೆಟ್‌ನ ಸ ಇರುವುದು ಆರೂವರೆ ಮನೆಯಲ್ಲಿ. ಒಂದು ಮನೆಗೆ ಬೇಕಾದರೆ ಎಲ್ಲವನ್ನೂ ಒಂದು ಸ್ವರ ಮೇಲಕ್ಕೆ ಎತ್ತಿ ಊದಬೇಕು. ಕೆರೆ ಏರಿ ಮೇಲೆ ಹಾಡಿ ಕಲಿತ ನನಗೆ ಅದಕ್ಕೆ ಕಾಗದ ಬೇಕಾಗಲಿಲ್ಲ.

ಈಗ ನಾನು ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಊದುವುದಿಲ್ಲ, ಅದೂ ಮೂರು ಸಲಕ್ಕೆ ಹಂಚಿಕೊಂಡು. ಬೆಳಗಿನ ಇಪ್ಪತ್ತು ನಿಮಿಷ ಮೆತ್ತಗೆ ಉದ್ದ ಸ್ವರಗಳು. ಮಾರ್ಗಶಿರದ ಚಳಿಯಲ್ಲಿ ತಣ್ಣಗಿನ ವಾದ್ಯದ ಶ್ರುತಿ ಇಳಿದಿರುತ್ತದೆ, ಅದಕ್ಕೆ ಐದು ನಿಮಿಷ ಉಸಿರು ಕೊಟ್ಟು ಬೆಚ್ಚಗೆ ಮಾಡದೆ ಶ್ರುತಿ ಮುಟ್ಟುವುದಿಲ್ಲ. ಮಧ್ಯಾಹ್ನ ಬೆರಳಿನ ಪಾಠ, ಸಂಜೆ ಹಾಡು. ಒಂದು ಸಾಲು ಊದಿದರೆ ಅಷ್ಟೇ ಹೊತ್ತು ವಾದ್ಯ ತೊಡೆ ಮೇಲೆ. ಆ ಬಿಡುವಿನಲ್ಲಿ ಮುಂದಿನ ಸಾಲನ್ನು ಬಾಯಲ್ಲಿ ಹಾಡುತ್ತೇನೆ. ಮದುವೆಗೆ ಎರಡು ದಿನ ಮುಂಚೆ ಜೋರು ಅಭ್ಯಾಸ ಪೂರ್ತಿ ನಿಲ್ಲಿಸುತ್ತೇನೆ. ಆವತ್ತಿನಿಂದ ಇವತ್ತಿನವರೆಗೆ ತುಟಿ ಮತ್ತೆ ಕೈಕೊಟ್ಟಿಲ್ಲ.

ಮಕ್ಕಳಿಗೂ ಇದೇ ಕ್ರಮ. ಮೊದಲ ಆರು ತಿಂಗಳು ಹಾಡಿ ಊದುವುದು, ಜೊತೆಗೆ ಮೊದಲ ದಿನದಿಂದಲೇ ಮೆತ್ತಗೆ ಊದುವುದು. ಪುಸ್ತಕ ಆಮೇಲೆ.

ಆಲೂರಿನಿಂದ ಭಾನುವಾರ ಬಸ್ಸಿನಲ್ಲಿ ಬರುವ ಒಂಬತ್ತನೇ ಕ್ಲಾಸಿನ ಹುಡುಗಿಗೆ ಮೂರು ವಾರದಿಂದ ಮೇಲಿನ ಸ ಸಿಗುತ್ತಿರಲಿಲ್ಲ. ಪ ತನಕ ಬಂದು ನಿಲ್ಲುತ್ತಿತ್ತು. ಹೋದ ವಾರ ಅವಳ ಕೈಯಿಂದ ಟ್ರಂಪೆಟ್ ತೆಗೆದಿಟ್ಟು, "ಹಾಡಮ್ಮ" ಅಂದೆ. ಸ, ಪ, ಸ ಅಂತ ಹಾಡಿದಳು. ಮೌತ್‌ಪೀಸ್ ಒಂದರಲ್ಲೇ ಅದನ್ನು ಊದಿಸಿದೆ. ಅದು ಮೇಲಕ್ಕೆ ಹೋಯಿತು. ವಾದ್ಯಕ್ಕೆ ಮೌತ್‌ಪೀಸ್ ಸಿಕ್ಕಿಸಿ ಕೊಟ್ಟು, ಕಿರುಬೆರಳು ಹೊರಗಿಡಲು ಹೇಳಿದೆ. ಸಣ್ಣಗೆ, ಸ್ವಲ್ಪ ನಡುಗುತ್ತಾ, ಮೇಲಿನ ಸ ಬಂತು. ಅವಳು ಬಾಯಿಂದ ಟ್ರಂಪೆಟ್ ತೆಗೆದು, "ಮೇಷ್ಟ್ರೇ, ಇನ್ನೊಂದ್ಸಲ ಹಾಡ್ಕೊಳ್ಲಾ?" ಅಂತ ಕೇಳಿದಳು.