ಒಂದೇ ಪ್ರೊಸೆಸರಿನಲ್ಲಿ ಎರಡು ಮದುವೆ: ನನ್ನ ಅನುಭವ

ಎಡಿಟ್ ಮುಗಿದ ವಿಡಿಯೋವನ್ನು ಕೊಡುವ ಫೈಲಾಗಿ ಕುಗ್ಗಿಸುವುದಕ್ಕೆ ನಾವು ಎನ್‌ಕೋಡ್ ಎನ್ನುತ್ತೇವೆ. "ಎರಡು ಎನ್‌ಕೋಡ್ ಒಟ್ಟಿಗೆ ಹಚ್ಚಿದ್ರೆ ಎರಡೂ ಅರ್ಧ ಸ್ಪೀಡಿಗೆ ಬರುತ್ತೆ ಅಷ್ಟೇ ಗುರು" ಎಂದು ಬಿ.ಎಚ್. ರಸ್ತೆಯ ಸ್ಟುಡಿಯೋ ಗೆಳೆಯರೆಲ್ಲ ಹೇಳಿದ್ದರು. ಹಾಗಾಗಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ತುಮಕೂರಿನಲ್ಲಿ ನನ್ನದು ಮದುವೆ ವಿಡಿಯೋ ಎಡಿಟಿಂಗ್. ಮಷೀನು ಎರಡಿವೆ. ಒಂದರಲ್ಲಿ ಇಂಟೆಲ್ ಐ5 13500 ಪ್ರೊಸೆಸರ್. ಬೋರ್ಡು, ರ್‍ಯಾಮ್ ಸೇರಿ 42 ಸಾವಿರದ ಹತ್ತಿರ ಆಯಿತು. ಇನ್ನೊಂದರಲ್ಲಿ ಎಎಂಡಿಯ ರೈಜನ್ 9 5900ಎಕ್ಸ್. ಅದನ್ನು ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಸೆಕೆಂಡ್ ಹ್ಯಾಂಡ್ ತಂದೆ, ಸುಮಾರು 19 ಸಾವಿರ. ಬಯೋಸ್ ಅಪ್‌ಡೇಟ್ ಮಾಡಿ ಹಳೆಯ ಬಿ450 ಬೋರ್ಡಿಗೇ ಕೂರಿಸಿದೆ.

ಕಟಿಂಗ್ ಕೆಲಸಕ್ಕೆ ಇಂಟೆಲ್ಲೇ ಮೇಲು, ಅದರಲ್ಲಿ ವಾದವೇ ಇಲ್ಲ. ಕ್ಯಾಮೆರಾದ 4:2:2 10-ಬಿಟ್ ಹೆಚ್‌ಇವಿಸಿ (ಬಣ್ಣದ ವಿವರ ಜಾಸ್ತಿ ಇರುವ, ಬಿಚ್ಚಲು ಭಾರವಾದ) ಫೈಲು, ಇಂಟೆಲ್ ಗ್ರಾಫಿಕ್ಸಿನೊಳಗೇ ಇರುವ ಕ್ವಿಕ್ ಸಿಂಕ್ ಎಂಬ ವಿಡಿಯೋ ಭಾಗಕ್ಕೆ ನೀರು ಕುಡಿದಷ್ಟು ಸಲೀಸು. 5900ಎಕ್ಸ್‌ನಲ್ಲಿ ಗ್ರಾಫಿಕ್ಸೇ ಇಲ್ಲ. ಅಲ್ಲಿ ಪ್ರಾಕ್ಸಿ (ಎಡಿಟಿಂಗಿಗೆಂದೇ ಮಾಡಿಕೊಳ್ಳುವ ಹಗುರ ನಕಲು) ಇಲ್ಲದೆ ಟೈಮ್‌ಲೈನ್ ಅಲ್ಲಾಡಲ್ಲ.

ನನಗೆ ಬೇಸರವಾಗಿದ್ದು ಕೊನೆಯ ಎನ್‌ಕೋಡಿನಲ್ಲಿ. ಮೂರು ಗಂಟೆಯ ಫುಲ್ ಎಚ್‌ಡಿ ಮದುವೆ, ಹ್ಯಾಂಡ್‌ಬ್ರೇಕ್ ಸಾಫ್ಟ್‌ವೇರು, ಅದರೊಳಗಿನ ಎಕ್ಸ್265 ಎನ್‌ಕೋಡರು. ಇಂಟೆಲ್‌ಗೆ ಎರಡು ಗಂಟೆ ಚಿಲ್ಲರೆ. ಹನ್ನೆರಡೂ ದೊಡ್ಡ ಕೋರುಗಳಿರುವ (ಕೋರು ಎಂದರೆ ಪ್ರೊಸೆಸರ್ ಒಳಗಿನ ಲೆಕ್ಕದ ಘಟಕ) ರೈಜನ್‌ಗೆ 1 ಗಂಟೆ 50 ನಿಮಿಷ. ಇಷ್ಟೇನಾ? ನೋಡಿದರೆ ಸಿಪಿಯು ಬಳಕೆ 65% ದಾಟುತ್ತಲೇ ಇರಲಿಲ್ಲ. ಕಾರಣ ತಿಳಿಯಲು ಒಂದು ಆಷಾಢ ಪೂರ್ತಿ ಹೋಯಿತು. ಎಕ್ಸ್265 ಚಿತ್ರವನ್ನು 64 ಪಿಕ್ಸೆಲ್ಲಿನ ಸಾಲುಗಳಾಗಿ ಹಂಚುತ್ತದೆ. ಫುಲ್ ಎಚ್‌ಡಿಯ 1080 ಪಿಕ್ಸೆಲ್ ಎತ್ತರದಲ್ಲಿ ಸಿಗುವುದು 17 ಸಾಲು. ಕೆಳಗಿನ ಸಾಲು ಮೇಲಿನದಕ್ಕೆ ಕಾಯಬೇಕು. ರೈಜನ್‌ನ ಒಂದೊಂದು ಕೋರೂ ಎರಡೆರಡು ಥ್ರೆಡ್, ಅಂದರೆ ಒಟ್ಟಿಗೆ ಎರಡು ಕೆಲಸ, ಓಡಿಸುತ್ತದೆ. ಆ 24 ಥ್ರೆಡ್ಡಿಗೆ ಕೆಲಸ ಎಲ್ಲಿಂದ ಬರಬೇಕು?

ಒಂದು ಮದುವೆಗೆ ಪ್ರೊಸೆಸರ್ ತುಂಬದಿದ್ದರೆ ಎರಡು ಹಚ್ಚಬಹುದಲ್ಲ ಎನಿಸಿತು. 5900ಎಕ್ಸ್ ಒಳಗೆ ಆರಾರು ಕೋರಿನ ಎರಡು ತುಂಡುಗಳಿವೆ, ಒಂದೊಂದಕ್ಕೂ ಅದರದ್ದೇ 32 ಎಂಬಿ ಎಲ್3 ಕ್ಯಾಶ್ (ಪ್ರೊಸೆಸರ್ ಒಳಗಿನ ವೇಗದ ಮೆಮೊರಿ). ಹಾಗಾಗಿ ಒಂದು ಮದುವೆಯನ್ನು 0ರಿಂದ 11ನೇ ಥ್ರೆಡ್ಡಿಗೆ, ಇನ್ನೊಂದನ್ನು 12ರಿಂದ 23ಕ್ಕೆ ಅಫಿನಿಟಿ (ಯಾವ ಕೆಲಸ ಯಾವ ಥ್ರೆಡ್ಡಿನಲ್ಲಿ ಎಂಬ ವಿಂಡೋಸ್ ಸೆಟ್ಟಿಂಗು) ಕೊಟ್ಟು ಕಟ್ಟಿಹಾಕಿದೆ. ಒಂದಾದ ಮೇಲೊಂದು ಮಾಡಿದರೆ 3 ಗಂಟೆ 40 ನಿಮಿಷ ಹಿಡಿಯುತ್ತಿದ್ದದ್ದು ಎರಡೂಮುಕ್ಕಾಲು ಗಂಟೆಯಲ್ಲಿ ಮುಗಿಯಿತು.

ಇಂಟೆಲ್‌ನಲ್ಲೂ ನೋಡಿದೆ. ಒಂದಕ್ಕೆ 6 ಪಿ-ಕೋರು (ದೊಡ್ಡವು), ಇನ್ನೊಂದಕ್ಕೆ 8 ಇ-ಕೋರು (ಕರೆಂಟು ಉಳಿಸುವ ಚಿಕ್ಕವು). ಇ-ಕೋರಿನದ್ದು ಏದುಸಿರು ಬಿಡುತ್ತಿತ್ತು, ಲಾಭವಿಲ್ಲ. ಆದರೆ ಇನ್ನೊಂದು ವಿಷಯ ಸಿಕ್ಕಿತು. ಹ್ಯಾಂಡ್‌ಬ್ರೇಕ್ ಕಿಟಕಿ ಮಿನಿಮೈಸ್ ಮಾಡಿದರೆ ವಿಂಡೋಸ್ ಆ ಕೆಲಸವನ್ನು ಇ-ಕೋರಿಗೆ ತಳ್ಳಿಬಿಡುತ್ತಿತ್ತು. ಸುಮ್ನೆ ಮುಂದೆ ತೆರೆದಿಟ್ಟರೆ ಸಾಕು. ಇದು ಗೊತ್ತಿಲ್ಲದೆ ಎಷ್ಟು ರಾತ್ರಿ ಹಾಳಾಯಿತೋ.

ನಷ್ಟವೂ ಆಯಿತು. ಮಾರ್ಚಿನ ಒಂದು ರಾತ್ರಿ ಕರೆಂಟು ಹೋಯಿತು, ಯುಪಿಎಸ್ ಲೋಡು ತಾಳದೆ ಚೀರಿ ಆಫ್ ಆಯಿತು. ಅರ್ಧಕ್ಕೆ ನಿಂತ ಎರಡೂ ಎಂಪಿ4 ಫೈಲು ತೆರೆಯಲೇ ಇಲ್ಲ. ಬೆಳಿಗ್ಗೆ ಹುಡುಗಿಯ ಅಪ್ಪ ಪೆನ್‌ಡ್ರೈವ್‌ಗೆ ಬಂದು ಕೂತಿದ್ದರು. ಬಾಕಿಯಲ್ಲಿ ಮೂರು ಸಾವಿರ ಬಿಟ್ಟುಕೊಟ್ಟೆ. ಆಮೇಲಿಂದ ಮೊದಲು ಎಂಕೆವಿ, ಕೊನೆಗೆ ಎಂಪಿ4. ಎಂಕೆವಿ ಅರ್ಧಕ್ಕೆ ನಿಂತರೂ ಅಷ್ಟರವರೆಗಿನದ್ದು ಉಳಿಯುತ್ತದೆ. ಯುಪಿಎಸ್ ತಾಳಲೆಂದು ರೈಜನ್ನನ್ನು ಕಡಿಮೆ ಕರೆಂಟು ಎಳೆಯುವ ಇಕೋ ಮೋಡಿಗೆ ಹಾಕಿದೆ. 142 ವ್ಯಾಟ್ ಇದ್ದ ಮಿತಿ 88ಕ್ಕೆ ಇಳಿಯಿತು, ಜಾಸ್ತಿ ಹಿಡಿದದ್ದು ಕಾಲು ಗಂಟೆ ಅಷ್ಟೇ. ಬಿ450 ಬೋರ್ಡು ಬಿಸಿಯಾಗುವುದೂ ನಿಂತಿತು. ನಡುವೆ ಬೇರೆ ಬೇರೆ ಜೋಡಿಯ ನಾಲ್ಕು ರ್‍ಯಾಮ್ ಕಡ್ಡಿ 3600ರ ಸ್ಪೀಡಿಗೆ ಓಡಿಸಲು ಹೋಗಿ ಬ್ಲೂ ಸ್ಕ್ರೀನ್ ನೋಡಿದ್ದೂ ಆಯಿತು. 3200ಕ್ಕೆ ಇಳಿಸಿದ ಮೇಲೆ ತೊಂದರೆಯಿಲ್ಲ.

ಕರ್ವ್ ಆಪ್ಟಿಮೈಸರ್‌ನಲ್ಲಿ (ಕೋರುಗಳ ವೋಲ್ಟೇಜ್ ಇಳಿಸುವ ಬಯೋಸ್ ಸೆಟ್ಟಿಂಗು) ಯಾವ ಕೋರಿಗೆ ಎಷ್ಟು ಮೈನಸ್ ಎನ್ನುವುದು ನನ್ನ ಹತ್ತಿರವೇ ಇರಲಿ. ಪ್ರತಿ ಸಲ ಅಫಿನಿಟಿ ಕೈಯಲ್ಲಿ ಹಾಕದ ಹಾಗೆ ಮಾಡಿಕೊಂಡಿರುವುದನ್ನೂ ಸದ್ಯಕ್ಕೆ ಹೇಳಲ್ಲ.

ಮೊನ್ನೆ ಗುಬ್ಬಿಯ ಎರಡು, ಸಿರಾದ ಎರಡು ಮದುವೆ ಒಟ್ಟಿಗಿದ್ದವು. ರಾತ್ರಿ ಹತ್ತಕ್ಕೆ ಹಚ್ಚಿ ಬಾಗಿಲು ಹಾಕಿದೆ. ಬೆಳಿಗ್ಗೆ ಆರಕ್ಕೆ ಬಂದು ನೋಡಿದರೆ ನಾಲ್ಕೂ ಫೈಲು ರೆಡಿ. "ಅಷ್ಟೇ ಗುರು" ಎಂದಿದ್ದ ಗೆಳೆಯರಲ್ಲಿ ಒಬ್ಬ ಹತ್ತು ಗಂಟೆಗೆ ತನ್ನ 5900ಎಕ್ಸ್ ಕ್ಯಾಬಿನೆಟ್ಟನ್ನೇ ಸ್ಕೂಟರಿನ ಮುಂದೆ ಇಟ್ಟುಕೊಂಡು ಬಂದ.